ಬಿತ್ತಿ ಮಿಕ್ಕಿದ ಬೀಜ

ನಮ್ಮ ಅತ್ತೆಗೆ ಒಂದೇ ಒಂದು ಜಂಬವಿತ್ತು. ತಮ್ಮ ಒಲೆಯ ಮೇಲೆ ಬೆಂದದ್ದನ್ನು ಯಾರು ಬೇಕಾದರೂ ಕಣ್ಣುಮುಚ್ಚಿಕೊಂಡು ತಿನ್ನಬಹುದು ಎನ್ನುವುದು. ಒಡವೆ ಇರಲಿಲ್ಲ, ಹೊಲವೂ ಹೇಳಿಕೊಳ್ಳುವಷ್ಟು ದೊಡ್ಡದಲ್ಲ, ಜಂಬಪಡಲು ಅವರಿಗಿದ್ದದ್ದು ಇದೊಂದೇ. ಹೆಗ್ಗಡದೇವನಕೋಟೆಯಿಂದ ಹುಣಸೂರಿಗೆ ಹೋಗುವ ಬಸ್ಸಿನಲ್ಲಿ ಬಂದು, ಇಳಿದು, ಒಂದು ಮೈಲಿ ನಡೆದರೆ ನಮ್ಮ ಊರು. ಆ ಊರಿನಲ್ಲಿ ಮಾಂಸ ಮೊಟ್ಟೆ ಸೋಕದ ನಾಲ್ಕೈದು ಮನೆಗಳಲ್ಲಿ ನಮ್ಮದೂ ಒಂದು. ರಾಗಿ, ಅವರೆ, ತೊಗರಿ, ಹುಚ್ಚೆಳ್ಳು ಎಲ್ಲವೂ ಒಂದೇ ಹೊಲದ ಬೇರೆ ಬೇರೆ ಸಾಲುಗಳಲ್ಲಿ ಬೆಳೆಯುತ್ತಿದ್ದವು. ಉಪ್ಪು, ಬೆಲ್ಲ, ಸೀಮೆಎಣ್ಣೆ ಬಿಟ್ಟರೆ ಅಂಗಡಿಯ ಹಂಗು ನಮಗೆ ಕಡಿಮೆ. ನೆಂಟರು ಯಾರಾದರೂ ಬಿಸ್ಕತ್ತಿನ ಪೊಟ್ಟಣ ತಂದರೆ ಅತ್ತೆ ಅದನ್ನು ಮೂಸಿ ನೋಡಿ, ಇದನ್ನು ಕಲಸಿದ ಕೈ ಯಾವುದು ಅಂತ ನಿಮಗೆ ಗೊತ್ತೇನು ಎಂದು ಕೇಳಿ ಅವರ ಮುಖ ಸಣ್ಣದು ಮಾಡುತ್ತಿದ್ದರು.

ನಾನು ಕೃಷ್ಣರಾಜನಗರದ ಕಡೆಯವಳು. ನಾಲೆ ನೀರಿನ ಊರು, ಎರಡು ಹೊತ್ತೂ ಅನ್ನ ಉಂಡು ಬೆಳೆದವಳು. ಮದುವೆಯಾಗಿ ಈ ಹೊಲದ ಸೀಮೆಗೆ ಬಂದಾಗ ಮುದ್ದೆ ನುಂಗಲು ಬಾರದೆ ಅಗಿದು ತಿಂದು ಊರ ಹೆಂಗಸರಿಗೆಲ್ಲ ಆರು ತಿಂಗಳು ನಗಲು ವಿಷಯವಾದೆ. ಆದರೆ ನಾನು ಪಿಯುಸಿ ಓದಿದ್ದೆ. ಕರೆಂಟ್ ಬಿಲ್ಲು, ಲಗ್ನಪತ್ರಿಕೆ, ಪಂಚಾಯಿತಿಯಿಂದ ಬಂದ ಕಾಗದ, ಏನೇ ಇದ್ದರೂ ನನ್ನ ಮುಂದೆ ತಂದು ಹಿಡಿಯುತ್ತಿದ್ದರು. ನನ್ನ ಗಂಡ ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವರು, ಅತ್ತೆಗೆ ಅಕ್ಷರವೇ ಇಲ್ಲ. ಹಾಗಾಗಿ ಜಂಬ ನನಗೂ ಇತ್ತು ಎಂದು ಒಪ್ಪಿಕೊಳ್ಳುತ್ತೇನೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮ ಸುತ್ತ ಹೊಗೆಸೊಪ್ಪು ಹಾಕದವರೆಲ್ಲ ಹೈಬ್ರೀಡ್ ಮುಸುಕಿನ ಜೋಳಕ್ಕೆ ತಿರುಗಿದ್ದರು. ಕೋಳಿ ಫಾರಂಗಳಿಗೆ ಆಹಾರ ತಯಾರಿಸುವವರು ಕಣಕ್ಕೇ ಲಾರಿ ತಂದು ತುಂಬಿಕೊಂಡು ಹೋಗುತ್ತಿದ್ದರು. ನನ್ನ ಗಂಡ ಒಂದು ಎಕರೆ ರಾಗಿಗೆ ಉಳಿಸಿಕೊಂಡು ಮಿಕ್ಕ ಹೊಲಕ್ಕೆಲ್ಲ ಜೋಳ ಹಾಕುವುದಾಗಿ ಹೇಳಿದಾಗ ಅತ್ತೆ ಎರಡು ದಿನ ಮಗನ ಜೊತೆ ಮಾತು ಬಿಟ್ಟರು. ಮೊಟ್ಟೆ ಮುಟ್ಟದ ಮನೆಯವರು ಕೋಳಿಗೆ ಮೇವು ಬೆಳೆಯುವುದೇ ಎನ್ನುವುದು ಒಂದು ಸಂಕಟ. ನಾವು ತಿನ್ನದೇ ಇರುವುದನ್ನು ನಮ್ಮ ಭೂಮಿಯಲ್ಲಿ ಯಾಕೆ ಬೆಳೆಯಬೇಕು ಎನ್ನುವುದು ಅದಕ್ಕಿಂತ ದೊಡ್ಡ ಸಂಕಟ. ಮಗ ಕಾಲ ಬದಲಾಗಿದೆ ಎಂದರು. ಇನ್ನು ಮುಂದೆ ಬೆಳೆಯುವುದೇ ಬೇರೆ, ತಿನ್ನುವುದೇ ಬೇರೆ, ರಾಗಿ ಹಿಟ್ಟನ್ನೂ ಪೊಟ್ಟಣದಲ್ಲಿ ತರುವ ದಿನ ಬರುತ್ತದೆ ನೋಡುತ್ತಿರು ಎಂದರು. ರಾಗಿ ಹಿಟ್ಟು ಪೊಟ್ಟಣದಲ್ಲಿ ಬರುತ್ತದೆ ಎಂಬ ಮಾತಿಗೆ ನಾನೂ ಅತ್ತೆಯೂ ಸೇರಿ ನಕ್ಕೆವು, ಆ ನಗುವಿನಲ್ಲಿ ಅವರ ಜಗಳವೂ ಮುಗಿಯಿತು.

ಬೀಜವನ್ನು ಹುಣಸೂರಿನ ಅಂಗಡಿಯಿಂದ ತಂದರು. ಹೊಳೆಯುವ ಪೊಟ್ಟಣ, ಮೇಲೆ ತೆನೆಯ ಚಿತ್ರ. ಒಡೆದು ಮೊರಕ್ಕೆ ಸುರಿದರೆ ಕಾಳೆಲ್ಲ ಕೆಂಪು. ಅದನ್ನು ನೋಡಿ ನಮ್ಮಲ್ಲಿ ಯಾರಿಗೂ ಅನುಮಾನ ಬರಲಿಲ್ಲ. ಯಾಕೆ ಎನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ತೊಗರಿಗೆ, ಅವರೆಗೆ ಕೆಮ್ಮಣ್ಣು ಕಟ್ಟುವುದುಂಟು. ನುಣ್ಣನೆಯ ಕೆಮ್ಮಣ್ಣನ್ನು ನೀರಿನಲ್ಲಿ ಕದಡಿ, ಕಾಳಿಗೆ ಹಿಡಿಸಿ, ಬಿಸಿಲಿಗೆ ಒಣಗಿಸಿ, ಮಣ್ಣಿನ ವಾಡೆಗೆ ತುಂಬಿ ಇಟ್ಟರೆ ವರ್ಷವಾದರೂ ಹುಳ ಬೀಳುವುದಿಲ್ಲ. ಬಿತ್ತುವಾಗ ಹಾಗೆಯೇ ಬಿತ್ತುವುದು, ಬೇಯಿಸುವಾಗ ಮೂರು ನೀರು ತೊಳೆದು ಬೇಯಿಸುವುದು. ಹಾಗಾಗಿ ಕೆಂಪು ಬೀಜವೆಂದರೆ ನಮ್ಮ ಪಾಲಿಗೆ ಜೋಪಾನವಾಗಿ ಇಟ್ಟ ಬೀಜ. ಅತ್ತೆ ಒಂದು ಹಿಡಿ ಎತ್ತಿಕೊಂಡು ನೋಡಿ, ಅಂಗಡಿಯವರಿಗೂ ಬೀಜ ಕಾಪಾಡುವುದು ಗೊತ್ತಿದೆ, ಪರವಾಗಿಲ್ಲ ಎಂದರು. ಏನೋ ಔಷಧಿಯಂಥ ವಾಸನೆ ಇತ್ತು. ಗೊಬ್ಬರ, ಔಷಧಿ ಎಲ್ಲ ಮಾರುವ ಅಂಗಡಿಯಲ್ಲವೇ, ಅದರ ವಾಸನೆ ಹಿಡಿದಿರಬೇಕು ಎಂದುಕೊಂಡೆ.

ಇನ್ನೊಂದು ಪದ್ಧತಿ ನಮ್ಮ ಮನೆಯದೇ. ಬಿತ್ತಿ ಮಿಕ್ಕಿದ ಬೀಜ ತಿರುಗಿ ವಾಡೆ ಸೇರಬಾರದು. ಅದನ್ನು ಅದೇ ದಿನ ಗುಗ್ಗರಿ ಬೇಯಿಸಿ, ಉಪ್ಪು ಕಾಯಿತುರಿ ಹಾಕಿ ತಿಂದು ಮುಗಿಸಬೇಕು. ನೆರೆಹೊರೆಯಲ್ಲಿ ಬಸುರಿ ಇದ್ದರೆ ಮೊದಲ ಬಟ್ಟಲು ಅವಳಿಗೆ. ಆ ವರ್ಷ ನಮ್ಮ ಪಕ್ಕದ ಮನೆಗೆ, ಅಂದರೆ ನಡುವೆ ಒಂದೇ ಗೋಡೆ ಇರುವ ಮನೆಗೆ, ಮಗಳು ಚೊಚ್ಚಲ ಬಾಣಂತನಕ್ಕೆ ಬಂದಿದ್ದಳು. ಏಳು ತಿಂಗಳು ತುಂಬಿತ್ತು. ಬಯಕೆಯ ಹುಡುಗಿ ಎಂದು ಅತ್ತೆ ಮಾಡಿದ್ದನ್ನೆಲ್ಲ ಅವಳಿಗೆ ಕೊಟ್ಟು ಬರುತ್ತಿದ್ದರು.

ಬಿತ್ತನೆಯ ದಿನ ಬೆಳಿಗ್ಗೆಯೇ ಹೊಲಕ್ಕಿಳಿದೆವು. ಗಂಡ ನೇಗಿಲು ಹೊಡೆದರೆ ಹಿಂದೆ ನಾನು ಸಾಲಿಗೆ ಕಾಳು ಉದುರಿಸುತ್ತಾ ಹೋದೆ. ಅತ್ತೆ ನಾಲ್ಕು ವರ್ಷದ ನನ್ನ ಮಗಳನ್ನು ಕಟ್ಟಿಕೊಂಡು ಹತ್ತು ಗಂಟೆಯ ಹೊತ್ತಿಗೆ ರೊಟ್ಟಿ ತಂದರು. ಅಷ್ಟರಲ್ಲಿ ಬೀಜ ಸಾಕಾಗಿ ಎರಡು ಸೇರಿನಷ್ಟು ಮಿಗುವುದು ಗೊತ್ತಾಗಿತ್ತು. ಮಿಕ್ಕಿದ್ದನ್ನು ಟವಲಿನಲ್ಲಿ ಗಂಟು ಕಟ್ಟಿ ಅತ್ತೆಯ ಕೈಗೆ ಕೊಟ್ಟವಳು ನಾನೇ. ಅವರು ಗಂಟು ಹೊತ್ತು, ಮಗುವನ್ನು ಕರೆದುಕೊಂಡು ಮನೆಗೆ ಹೋದರು.

ಮೂರು ಗಂಟೆಯ ಸುಮಾರಿಗೆ ಕೆಲಸ ಮುಗಿಯಿತು. ಯಾವ ತಳಿ ಎಂದು ದಾರಿಯಲ್ಲಿ ಹೋಗುವವರಿಗೆ ಕಾಣಲಿ ಎಂದು ಖಾಲಿ ಪೊಟ್ಟಣವನ್ನು ಕೋಲಿಗೆ ಸಿಕ್ಕಿಸಿ ಬದುವಿನಲ್ಲಿ ನೆಡುವುದು ಆಗ ಹೊಸದಾಗಿ ಶುರುವಾಗಿತ್ತು. ಗಂಡ ಕೋಲು ಕೆತ್ತುತ್ತಿದ್ದರು. ನಾನು ಪೊಟ್ಟಣ ಹಿಡಿದು ಬದುವಿನ ಮೇಲೆ ಕುಳಿತು, ಹೊತ್ತು ಹೋಗಲೆಂದು ಅದರ ಬೆನ್ನು ತಿರುಗಿಸಿ ಓದಿದೆ. ಮೇಲೆಲ್ಲ ಇಂಗ್ಲಿಷು, ಹಿಂದಿ. ಕೆಳಗೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಕನ್ನಡದ ಎರಡು ಸಾಲು. ಬೀಜಕ್ಕೆ ವಿಷದ ಔಷಧಿ ಲೇಪಿಸಿದೆ, ಮನುಷ್ಯರಾಗಲಿ ದನಕರುಗಳಾಗಲಿ ತಿನ್ನಬಾರದು ಎಂದಿತ್ತು.

ಗಂಡನಿಗೆ ಏನು ಹೇಳಿದೆನೋ ಈಗ ನೆನಪಿಲ್ಲ. ಓಡಿದ್ದು ನೆನಪಿದೆ. ಹೊಸದಾಗಿ ಉತ್ತ ಮಣ್ಣಿನಲ್ಲಿ ಕಾಲು ಹೂತು ಹೂತು ಎದ್ದು ಬಿದ್ದು ಓಡಿದೆ. ಒಣಗಿದ ಜೋಳ ಬೇಯುವುದಕ್ಕೆ ಎರಡು ಮೂರು ಗಂಟೆ ಬೇಕು, ಅತ್ತೆ ಮಧ್ಯಾಹ್ನ ಮಲಗಿರಬಹುದು, ಸೌದೆ ಹಸಿಯಾಗಿರಬಹುದು, ನಾಳೆ ಮಾಡಿದರಾಯಿತು ಅಂದುಕೊಂಡಿರಬಹುದು ಎಂದು ದಾರಿಯುದ್ದಕ್ಕೂ ಏನೇನೋ ಲೆಕ್ಕ ಹಾಕಿದೆ. ಅವರು ಒಂದು ದಿನವೂ ಕೆಲಸವನ್ನು ನಾಳೆಗೆ ಬಿಟ್ಟವರಲ್ಲ ಎನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು.

ಮಗಳು ಜಗಲಿಯ ಮೇಲೆ ಕಾಲು ಇಳಿಬಿಟ್ಟು ಕುಳಿತು ಬಟ್ಟಲಿನಿಂದ ಒಂದೊಂದೇ ಕಾಳು ಹೆಕ್ಕಿ ತಿನ್ನುತ್ತಿದ್ದಳು. ಬಟ್ಟಲು ಮುಕ್ಕಾಲು ಖಾಲಿಯಾಗಿತ್ತು. ನಾನು ಅದನ್ನು ಕಿತ್ತೆಸೆದು ಅವಳ ಗಂಟಲಿಗೆ ಬೆರಳು ಹಾಕಿದೆ. ಅವಳ ಅರಚಾಟಕ್ಕೆ ಅತ್ತೆ ಒಳಗಿನಿಂದ ಬಂದು, ಮಗುವನ್ನು ಕೊಲ್ಲುತ್ತೀಯಾ ಎಂದು ನನ್ನ ಭುಜ ಹಿಡಿದು ಎಳೆದರು. ಏದುಸಿರಿನಲ್ಲೇ ಹೇಳಿದೆ. ಅವರು ಅಲ್ಲೇ ಕಂಬಕ್ಕೆ ಒರಗಿ ಕುಳಿತರು. ತಾವು ತಿಂದದ್ದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಮೂರು ನೀರಲ್ಲ, ಐದು ನೀರು ತೊಳೆದೆ, ಬಣ್ಣ ಬಿಡುತ್ತಲೇ ಇತ್ತು, ಒಳ್ಳೆಯ ಕೆಮ್ಮಣ್ಣು ಎಂದುಕೊಂಡೆ ಎಂದು ಹೇಳಿದ್ದನ್ನೇ ಹೇಳಿದರು. ಆಮೇಲೆ ತಟಕ್ಕನೆ ಬಾಯಿ ಮುಚ್ಚಿ ಪಕ್ಕದ ಮನೆಯ ಗೋಡೆಯ ಕಡೆ ನೋಡಿದರು. ಮೊದಲ ಬಟ್ಟಲು ಬಸುರಿಗೆ ಹೋಗಿತ್ತು. ಗೋಡೆಯಾಚೆ ಆ ಹುಡುಗಿ ತನ್ನ ತಾಯಿಯ ಜೊತೆ ಏನೋ ಹೇಳಿಕೊಂಡು ನಗುತ್ತಿದ್ದದ್ದು ನಮಗೆ ಕೇಳುತ್ತಿತ್ತು.

ನಾನು ಎದ್ದು ಆ ಕಡೆ ಹೊರಟೆ. ಅತ್ತೆ ನನ್ನ ಸೆರಗು ಹಿಡಿದುಕೊಂಡರು.

"ಆ ಹುಡ್ಗಿಗೆ ಹೇಳ್ಬ್ಯಾಡ ಕಣವ್ವ. ಏಳ್ ತಿಂಗ್ಳು. ಬಸುರಿ ಎದ್ರುಕೊಂಡ್ರೆ ಕೂಸು ನಿಲ್ಲಾಕಿಲ್ಲ. ನಿನ್ ಕಾಲಿಗ್ ಬೀಳ್ತೀನಿ."

ಅಷ್ಟರಲ್ಲಿ ಮಗಳು ವಾಂತಿ ಮಾಡಿದಳು. ಕೆಂಪಗಿನ ನೀರು. ನನಗೆ ಮಿಕ್ಕಿದ್ದೆಲ್ಲ ಮರೆತುಹೋಯಿತು. ಹಿಂದೆಯೇ ಓಡಿಬಂದ ಗಂಡ ಮಗುವನ್ನು ಹೆಗಲಿಗೆ ಹಾಕಿಕೊಂಡು ರಸ್ತೆಗೆ ಓಡಿದರು, ನಾಲ್ಕೂವರೆಯ ಬಸ್ಸು ಹತ್ತಿ ನಾವು ಹೆಗ್ಗಡದೇವನಕೋಟೆಯ ಆಸ್ಪತ್ರೆ ತಲುಪಿದೆವು. ಬಸ್ಸಿನಲ್ಲಿ ಇನ್ನೆರಡು ಸಲ ವಾಂತಿಯಾಯಿತು. ಅವಳ ಕಣ್ಣು ತೇಲುತ್ತಿದೆ ಎಂದು ನನಗೆ, ಇಲ್ಲ ನಿದ್ದೆ ಎಂದು ಗಂಡನಿಗೆ. ಹೆಸರು ಕರೆದು ಕರೆದು ಅವಳ ಕೆನ್ನೆ ತಟ್ಟುತ್ತಲೇ ಇದ್ದೆ.

ಡಾಕ್ಟರು ಪೊಟ್ಟಣ ತಂದಿದ್ದೀರಾ ಎಂದು ಕೇಳಿದರು. ನನ್ನ ಮುಷ್ಟಿಯಲ್ಲೇ ಇತ್ತು, ಬೆವರಿಗೆ ಒದ್ದೆಯಾಗಿತ್ತು. ಓದಿ, ಮಗುವಿಗೆ ಡ್ರಿಪ್ ಹಾಕಿಸಿ, ಹೊಟ್ಟೆಯಿಂದ ಬಹಳಷ್ಟು ಆಚೆ ಬಂದಿರುವುದು ಒಳ್ಳೆಯದಾಯಿತು ಎಂದರು. ಬೇರೆ ಯಾರಾದರೂ ಇದನ್ನು ತಿಂದಿದ್ದಾರಾ ಎಂದು ಕೇಳಿದರು. ಆ ಪ್ರಶ್ನೆಗೆ ನಾನು ಉತ್ತರ ಹೇಳಬೇಕಾಗಿತ್ತು. ನಮ್ಮ ಅತ್ತೆ ಒಂದು ಹಿಡಿ ತಿಂದಿದ್ದಾರೆ, ಇನ್ನು ಯಾರೂ ಇಲ್ಲ ಎಂದೆ. ಗಂಡನಿಗೆ ಪಕ್ಕದ ಮನೆಯ ಬಟ್ಟಲಿನ ವಿಷಯ ಗೊತ್ತಿರಲಿಲ್ಲ. ಡಾಕ್ಟರು ಅತ್ತೆಗೂ ಮಾತ್ರೆ ಬರೆದುಕೊಟ್ಟರು.

ಮಾರನೆಯ ದಿನ ಮಧ್ಯಾಹ್ನ ಮಗಳು ಎದ್ದು ಕುಳಿತು ಹಸಿವು ಎಂದಳು. ನಾನು ಅತ್ತುಬಿಟ್ಟೆ. ಮನೆಗೆ ಬಂದರೆ ಅತ್ತೆ ಹೊಟ್ಟೆನೋವಿನಿಂದ ಮುದುಡಿ ಮಲಗಿದ್ದರು. ಮಾತ್ರೆ ಕೊಟ್ಟರೆ ತಲೆದಿಂಬಿನ ಕೆಳಗೆ ಸೇರಿಸಿದರು. ತಮಗೆ ನೋವಾಗಬೇಕಾದ್ದೇ ನ್ಯಾಯ ಎಂಬಂತೆ ಎರಡು ದಿನ ಅನುಭವಿಸಿ ಎದ್ದರು. ಗುಗ್ಗರಿ ಬೇಯಿಸಿದ ಹಿತ್ತಾಳೆ ಪಾತ್ರೆಯನ್ನು ಹುಣಸೆಹಣ್ಣು, ಬೂದಿ ಹಾಕಿ ಕೈ ಬೊಬ್ಬೆ ಬರುವಷ್ಟು ಉಜ್ಜಿದರು. ಆದರೂ ಅದರಲ್ಲಿ ಮತ್ತೆ ಅಡುಗೆ ಮಾಡಲಿಲ್ಲ.

ಆಮೇಲೆ ಶುರುವಾದವು ನಮ್ಮಿಬ್ಬರ ಭಯದ ದಿನಗಳು. ಅದನ್ನು ನಾವು ಒಬ್ಬರಿಗೊಬ್ಬರು ಆಡಿಕೊಳ್ಳಲೂ ಇಲ್ಲ. ಬೆಳಿಗ್ಗೆ ಎದ್ದ ತಕ್ಷಣ ಗೋಡೆಗೆ ಕಿವಿ ಕೊಡುವುದು. ಹುಡುಗಿ ಕೆಮ್ಮಿದರೆ ಮಾಡುತ್ತಿದ್ದ ಕೆಲಸ ಬಿಟ್ಟು ಕೇಳುವುದು, ತಡವಾಗಿ ಎದ್ದರೆ ಹಿತ್ತಿಲಿಗೆ ಹೋಗಿ ಇಣುಕುವುದು. ಅತ್ತೆ ದಿನಕ್ಕೊಂದು ನೆಪ ಹುಡುಕಿಕೊಂಡು ಪಕ್ಕದ ಮನೆಗೆ ಹೋಗಿ ಅವಳ ಮುಖ, ಕಾಲಿನ ಊತ ನೋಡಿಕೊಂಡು, ಕೂಸು ಒದೆಯುತ್ತಿದೆಯೇ ಎಂದು ಕೇಳಿಕೊಂಡು ಬರುತ್ತಿದ್ದರು. ಈಗ ಬರಿಗೈಯಲ್ಲಿ ಹೋಗುತ್ತಿದ್ದರು. ಅವಳು ಒಂದು ದಿನ ನನ್ನೆದುರಿಗೇ, ದೊಡ್ಡವ್ವನಿಗೆ ನನ್ನ ಮೇಲೆ ಕೋಪವೇ, ಏನೂ ಕೊಡುವುದೇ ಇಲ್ಲವಲ್ಲ ಎಂದು ಕೇಳಿದಳು. ಅತ್ತೆ ನಕ್ಕ ನಗು ನೋಡಲಾಗಲಿಲ್ಲ.

ಒಮ್ಮೆ ಮಗಳಿಗೆ ನೆಗಡಿಯಾಗಿ ಅದೇ ಆಸ್ಪತ್ರೆಗೆ ಹೋದೆ. ಅದೇ ಡಾಕ್ಟರು. ಬಸುರಿ ತಿಂದರೆ ಏನಾಗುತ್ತದೆ ಎಂದು ಕೇಳಲು ಬಾಯಿ ತೆರೆದೆ. ಅವತ್ತು ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಏನೆನ್ನಲಿ? ಮಾತ್ರೆಯ ಚೀಟಿ ಹಿಡಿದುಕೊಂಡು ವಾಪಸು ಬಂದೆ. ಹೇಡಿತನಕ್ಕೆ ಬೇರೆ ಹೆಸರಿಟ್ಟುಕೊಳ್ಳಲು ನನಗೆ ಇಷ್ಟವಿಲ್ಲ. ಅತ್ತೆ ಬಸುರಿಗೆ ಹೆದರಿಕೆಯಾಗಬಾರದೆಂದು ಸುಮ್ಮನಿದ್ದರು. ನಾನು ಸುಮ್ಮನಿದ್ದದ್ದು, ಓದು ಬಲ್ಲವಳು ಓದಲಿಲ್ಲವೆಂಬ ತಪ್ಪು ನನ್ನ ಮೇಲೆ ಬರುತ್ತದೆಂದು.

ಹೊಲದಲ್ಲಿ ಜೋಳ ಮಾತ್ರ ಆಳೆತ್ತರ ಬಂತು. ಊರಿನವರೆಲ್ಲ ಹೊಗಳುವವರೇ. ನನಗೆ ಅದರ ನಡುವೆ ಕಳೆ ಕೀಳಲು ಹೋಗುವುದೆಂದರೆ ಭಯ. ವಿಷದಿಂದ ಹುಟ್ಟಿದ್ದು ಇಷ್ಟು ಹಸಿರಾಗಿ ಹೇಗಿದೆ ಎಂದು ಎಲೆಗಳನ್ನು ನೋಡುತ್ತ ನಿಲ್ಲುತ್ತಿದ್ದೆ. ಇದನ್ನು ಕೋಳಿ ತಿನ್ನುತ್ತದೆ, ಕೋಳಿಯನ್ನು ಯಾರೋ ತಿನ್ನುತ್ತಾರೆ. ನಾವಂತೂ ತಿನ್ನುವುದಿಲ್ಲವಲ್ಲ ಎಂದು ಮೊದಲು ಸಮಾಧಾನ ಮಾಡಿಕೊಳ್ಳುತ್ತಿದ್ದವಳಿಗೆ ಆ ಸಮಾಧಾನವೂ ಉಳಿಯಲಿಲ್ಲ. ತರಕಾರಿಗೆ ಏನು ಹಾಕುತ್ತಾರೆ, ಅಕ್ಕಿಗೆ ಏನು ಹಾಕುತ್ತಾರೆ ಎಂದು ಯೋಚಿಸತೊಡಗಿದರೆ ಕಲಸಿದ ತುತ್ತು ಕೈಯಲ್ಲೇ ಉಳಿಯುತ್ತಿತ್ತು.

ಶ್ರಾವಣದಲ್ಲಿ ಹುಡುಗಿಗೆ ಹೆರಿಗೆಯಾಯಿತು. ಹೆಣ್ಣು ಮಗು. ಅತ್ತೆ ತಾವು ಆಸ್ಪತ್ರೆಗೆ ಬರಲಿಲ್ಲ, ನನ್ನನ್ನು ಕಳಿಸಿದರು, ಬೆರಳೆಲ್ಲ ನೋಡಿಕೊಂಡು ಬಾ ಎಂದರು. ಬಟ್ಟೆ ಬಿಚ್ಚಿಸಿ ಕೈಬೆರಳು, ಕಾಲ್ಬೆರಳು ಎಣಿಸಿದೆ. ಎಲ್ಲ ಇದ್ದವು. ಅಷ್ಟಕ್ಕೇ ನಿಲ್ಲಲಿಲ್ಲ. ಸದ್ದಿಗೆ ಬೆಚ್ಚುತ್ತದೆಯೇ, ದೀಪ ನೋಡುತ್ತದೆಯೇ, ಮಗ್ಗುಲಾಗುವ ಹೊತ್ತಿಗೆ ಮಗ್ಗುಲಾಯಿತೇ ಎಂದು ಆ ಕೂಸನ್ನು ಅದರ ತಾಯಿಗಿಂತ ಹೆಚ್ಚಾಗಿ ನಾವಿಬ್ಬರು ಕಾದೆವು.

ಆರು ತಿಂಗಳು ತುಂಬಿ ಮಗುವಿಗೆ ಮೊದಲ ತುತ್ತು ಇಡುವ ದಿನ ಬಂತು. ಪಕ್ಕದ ಮನೆಯ ತಾಯಿ ಬಂದು, ಊರಿನ ಅರ್ಧ ಮಕ್ಕಳಿಗೆ ನೀವೇ ಮೊದಲ ತುತ್ತು ಇಟ್ಟವರು, ನಿಮ್ಮ ಕೈಗುಣ ದೊಡ್ಡದು, ನನ್ನ ಮೊಮ್ಮಗಳಿಗೂ ನೀವೇ ಇಡಬೇಕು ಎಂದು ಕೈಹಿಡಿದು ಕರೆದುಕೊಂಡು ಹೋದರು. ನಾನೂ ಹಿಂದೆ ಹೋದೆ. ಮೊಳಕೆ ಕಟ್ಟಿದ ರಾಗಿಯ ಹಿಟ್ಟಿನಿಂದ ಮಾಡಿದ ಸರಿ ಬೆಳ್ಳಿ ಬಟ್ಟಲಿನಲ್ಲಿ ಬಿಸಿಯಾಗಿತ್ತು. ಅತ್ತೆ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಟ್ಟಲಿಗೆ ಬೆರಳಿಟ್ಟರು. ತಿರುಗಿ ತೆಗೆದು ಸೆರಗಿಗೆ ಒರೆಸಿಕೊಂಡರು. ಬಟ್ಟಲನ್ನು ಕೆಳಗಿಟ್ಟರು.

"ನನ್ ಕೈ ಬ್ಯಾಡ ಕಣವ್ವ. ಬಿತ್ತನೆ ದಿನ ನಾ ಕೊಟ್ಟ ಗುಗ್ಗರೀಲಿ ಇಸ ಇತ್ತು. ಗೊತ್ತಾದ್ಮೇಲೂ ಬಾಯ್ಬುಡ್ಲಿಲ್ಲ."

ಬೈಯುತ್ತಾರೆ, ಅತ್ತು ರಂಪ ಮಾಡುತ್ತಾರೆ ಎಂದುಕೊಂಡೆ. ಹುಡುಗಿ ತಲೆ ತಗ್ಗಿಸಿದಳು. ತಪ್ಪು ಮಾಡಿದವಳು ತಾನು ಎಂಬಂತೆ ಮೆಲ್ಲಗೆ ಹೇಳಿದಳು.

"ನಾ ತಿನ್ಲೇ ಇಲ್ಲ ದೊಡ್ಡವ್ವ. ವಾಸ್ನೆಗೇ ವಾಕ್ರಿಕೆ ಬಂತು. ನೀವ್ ಬೇಜಾರ್ ಮಾಡ್ಕತೀರಿ ಅಂತ ಹಸೂಗೆ ಸುರ್ದ್‌ಬುಟ್ಟೆ."

ಅವರ ಹಸು ಆಗ ಗಬ್ಬವಾಗಿತ್ತು. ಬಿತ್ತನೆಯಾದ ವಾರದೊಳಗೆ ಅದು ಕಂದು ಹಾಕಿತ್ತು. ಕಣ್ಣು ಬಿಡದ ಕರುವನ್ನು ಹಿತ್ತಿಲಿನಲ್ಲಿ ಹೂಳುವಾಗ ನಾನೂ ಹೋಗಿ ಅಯ್ಯೋ ಪಾಪ ಎಂದು ಬಂದಿದ್ದೆ. ದನದ ಡಾಕ್ಟರು ಅದೊಂದು ರೋಗ, ಈ ಕಡೆ ಇದೆ ಎಂದಿದ್ದರು. ಇರಬಹುದು. ಗುಗ್ಗರಿಯೇ ಕಾರಣ ಎಂದು ಹೇಳಲು ಇವತ್ತಿಗೂ ನನ್ನಲ್ಲಿ ಯಾವ ಪುರಾವೆಯೂ ಇಲ್ಲ. ಆದರೆ ಆ ಹೊತ್ತಿನಲ್ಲಿ ನಾವು ನಾಲ್ವರೂ ನೋಡುತ್ತಿದ್ದದ್ದು ಅತ್ತೆಯ ತೊಡೆಯ ಮೇಲೆ ಕುಳಿತ ಆ ಕೂಸನ್ನು.

ಪಕ್ಕದ ಮನೆಯ ತಾಯಿ ದೊಡ್ಡ ಮನಸ್ಸಿನವರು. ಆದದ್ದಾಯಿತು, ಮಗು ಚೆನ್ನಾಗಿದೆಯಲ್ಲ, ತುತ್ತು ಇಡಿ ಎಂದರು. ಅತ್ತೆ ತಲೆಯಾಡಿಸಿದರು. ರಾಗಿ ಯಾವ ಹೊಲದ್ದು ಎಂದು ಕೇಳಿದರು. ಅವರದೇ ಹೊಲದ್ದು, ನಮ್ಮ ಜೋಳದ ಹೊಲದ ಪಕ್ಕದ್ದು ಎಂದು ತಾಯಿ ಹೇಳಿದರು. ಗೋಡೆಯ ಗೂಡಿನಲ್ಲಿ ಹುಡುಗಿಯ ಗಂಡ ಹುಣಸೂರಿನಿಂದ ತಂದಿದ್ದ ಮಕ್ಕಳ ಆಹಾರದ ಡಬ್ಬ ಇತ್ತು, ಇನ್ನೂ ಒಡೆದಿರಲಿಲ್ಲ. ಅತ್ತೆ ಅದರ ಕಡೆ ಕೈ ತೋರಿಸಿದರು.

"ಅದ್ನೇ ತಿನ್ಸಿ. ನಮ್ದು ಬ್ಯಾಡ."

ಹುಡುಗಿ ಡಬ್ಬ ತಂದಳು. ಅತ್ತೆ ಅದನ್ನು ಅವಳಿಂದ ತೆಗೆದುಕೊಂಡು ನನ್ನ ಕೈಗೆ ಕೊಟ್ಟು, ಮೇಲೆ ಬರೆದಿರುವುದನ್ನು ಒಂದಕ್ಷರ ಬಿಡದೆ ಓದು ಎಂದರು. ಕನ್ನಡ ಇರಲಿಲ್ಲ. ಇಂಗ್ಲಿಷಿನಲ್ಲಿ ಸುತ್ತಲೂ ಒತ್ತಾಗಿ ಬರೆದಿತ್ತು. ಹಾಲಿನ ಪುಡಿ ಎನ್ನುವುದು ತಿಳಿಯಿತು, ಗೋಧಿ ತಿಳಿಯಿತು. ಆಮೇಲಿನ ಐದಾರು ಹೆಸರುಗಳನ್ನು ಅಕ್ಷರ ಕೂಡಿಸಿ ಓದಲು ಬಂತೇ ಹೊರತು ಅವು ಮಣ್ಣಿನಲ್ಲಿ ಬೆಳೆಯುವಂಥವೋ ಕಾರ್ಖಾನೆಯಲ್ಲಿ ಆಗುವಂಥವೋ, ಒಂದೂ ಗೊತ್ತಾಗಲಿಲ್ಲ. ಎರಡು ಸಲ ಓದಿದೆ. ತಲೆಯೆತ್ತಿದರೆ ಮೂವರು ಹೆಂಗಸರೂ ನನ್ನ ಬಾಯನ್ನೇ ನೋಡುತ್ತಿದ್ದರು.

"ಏನೂ ಇಲ್ಲ, ತಿನ್ನಿಸಿ" ಎಂದೆ. ಕೂಸು ಬಾಯಿ ತೆರೆಯಿತು.